ಷರಾ ಕಾಲಮ್ಮಿನ ಒಂದು ಸಾಲು

ಕಾಕನ ಎಡಗಾಲಿನ ಬೂಟಿಗೆ ಒಂದು ಕಿಟಕಿ ಇತ್ತು. ಕಿರುಬೆರಳು ಬರುವ ಕಡೆ ಚರ್ಮವನ್ನು ಬ್ಲೇಡಿನಿಂದ ಚೌಕವಾಗಿ ಕತ್ತರಿಸಿ, ಅಂಚು ಹರಿಯದಂತೆ ಸುತ್ತಲೂ ದಪ್ಪ ನೂಲಿನಲ್ಲಿ ಹೊಲಿದಿದ್ದರು. ಒಳಗಿನ ಬ್ಯಾಂಡೇಜು ಬೆಳ್ಳಗೆ ಕಾಣುತ್ತಿತ್ತು. ಅವರು ಕೆಲಸಕ್ಕೆ ಬಂದ ಮೊದಲ ದಿನ ನಾನು ನೋಡಿದ್ದು ಮುಖವನ್ನಲ್ಲ, ಆ ಕಿಟಕಿಯನ್ನು. ಪ್ರಯೋಗದ ಇಲಿಗಳಿರುವ ನಮ್ಮ ಪ್ರಾಣಿಗೃಹದೊಳಗೆ ಪೂರ್ತಿ ಮುಚ್ಚಿದ ಬೂಟು ಹಾಕಬೇಕೆಂದು ಬಾಗಿಲ ಮೇಲೆಯೇ ಬರೆದಿದೆ. ಹೊಸ ಬೂಟು ತೆಗೆದುಕೊಳ್ಳಿ ಎಂದೆ.

"ಬೂಟು ಹೊಸತೇ, ಸಿಸ್ಟರ್," ಅಂದರು. "ಕಾಲು ಹಳತು."

ನಾನು ನಗಲಿಲ್ಲ. ಬೂಟಿನ ಮೇಲೆ ಆಪರೇಶನ್ ಥಿಯೇಟರಿನ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಲು ಹೇಳಿದೆ. ಮುಂದಿನ ಆರು ವರ್ಷ, ಒಂದು ದಿನವೂ ತಪ್ಪದೆ, ಹಾಕಿಕೊಂಡರು.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಮಂಗಳೂರಿನ ನರ್ಸಿಂಗ್ ಹಾಸ್ಟೆಲಿನಲ್ಲಿ ಬೆಳಗಿನ ನಾಲ್ಕೂವರೆಯ ಗಂಟೆಗೆ ಎದ್ದು, ಹಾಸಿಗೆಯ ಚಾದರದ ಮೂಲೆ ಮಡಿಸುವುದನ್ನು ಅಳತೆಪಟ್ಟಿ ಇಟ್ಟು ಕಲಿತವಳು ನಾನು. ಗಲ್ಫಿಗೆ ಹೋಗಿ, ಮರುಭೂಮಿಯ ಊರಾದ ಮದೀನತ್ ಜಾಯೆದ್‌ನ ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ವಾರ್ಡು ನೋಡಿಕೊಂಡೆ. ಆಮೇಲೆ ಅಬುಧಾಬಿಯ ಒಂದು ವೈದ್ಯಕೀಯ ಕಾಲೇಜಿಗೆ, ಶರೀರಕ್ರಿಯಾಶಾಸ್ತ್ರ ವಿಭಾಗದ ಪ್ರಯೋಗಾಲಯದ ಮೇಲ್ವಿಚಾರಕಿಯಾಗಿ ಬಂದೆ. ನರ್ಸು ಕೆಲಸ ಬಿಟ್ಟರೂ ಸಿಸ್ಟರ್ ಎಂಬ ಹೆಸರು ಬಿಡಲಿಲ್ಲ. ಯಾವ ವಸ್ತು ಎಲ್ಲಿರಬೇಕೋ ಅಲ್ಲಿರಬೇಕು, ಯಾವ ಕೆಲಸ ಯಾವ ಹೊತ್ತಿಗೆ ಆಗಬೇಕೋ ಆಗ ಆಗಬೇಕು. ಹಾಗಿದ್ದರೆ ತಪ್ಪು ನಡೆಯುವುದಿಲ್ಲ ಎಂದು ನಾನು ನಂಬಿದ್ದೆ.

ಕಾಕ ಬಂಟ್ವಾಳದ ಕಡೆಯ ಬ್ಯಾರಿ. ಅದೇ ಮದೀನತ್ ಜಾಯೆದ್‌ನ ಆಚೆ ಒಂದು ಒಂಟೆ ಫಾರ್ಮಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಯಿತು, ಮರಳಿನಲ್ಲಿ ಮುಳ್ಳು ಚುಚ್ಚಿದ್ದು ಗೊತ್ತಾಗದೆ ಗಾಯವಾಯಿತು, ಗಾಯ ಒಣಗಲಿಲ್ಲ. ಹಾಗಾಗಿ ನೆಲ ತಣ್ಣಗಿರುವ ಕೆಲಸ ಹುಡುಕಿಕೊಂಡು ನಮ್ಮಲ್ಲಿ ಇಲಿಗಳನ್ನು ನೋಡಿಕೊಳ್ಳಲು ಬಂದರು. ವಿಭಾಗದಲ್ಲಿ ಎಲ್ಲರಿಗೂ, ಜೋರ್ಡಾನಿನ ಪ್ರೊಫೆಸರಿಗೂ, ಅವರು ಕಾಕ. ಬನಿಯಾಸ್‌ನಲ್ಲಿ ನಮ್ಮ ಬಾಡಿಗೆಯ ಕೋಣೆಗಳು ಎರಡು ರಸ್ತೆಗಳ ಅಂತರದಲ್ಲಿದ್ದವು, ಬೆಳಿಗ್ಗೆ ಒಂದೇ ಬಸ್ಸು ಹತ್ತುತ್ತಿದ್ದೆವು. ಬಸ್ಸಿನಲ್ಲಿ ತುಳು, ಪ್ರಾಣಿಗೃಹದ ಬಾಗಿಲು ದಾಟಿದರೆ ಕನ್ನಡ. ಈ ನಿಯಮ ನನ್ನದು. ತುಳುವಿನಲ್ಲಿ ಸಲಿಗೆ ಹೆಚ್ಚಾಗಿ ಕೆಲಸ ಕೆಡುತ್ತದೆ ಎಂದು ನನಗನಿಸುತ್ತಿತ್ತು. ಕಾಕ ಅದಕ್ಕೂ ಎದುರು ಹೇಳಲಿಲ್ಲ. ಬಾಗಿಲ ಬಳಿ ಬೂಟಿಗೆ ಚೀಲ ಹಾಕಿಕೊಳ್ಳುತ್ತ, "ಇಮಿಗ್ರೇಶನ್ ಆಯ್ತು, ಇನ್ನು ಕನ್ನಡ," ಎಂದು ಒಳಗೆ ಕಾಲಿಡುತ್ತಿದ್ದರು.

ಅವರು ಇಲಿಯನ್ನು ಹಿಡಿಯುತ್ತಿರಲಿಲ್ಲ. ಪಂಜರದ ಮುಚ್ಚಳ ತೆಗೆದು, ಬಿಸ್ಮಿಲ್ಲಾ ಹೇಳಿ, ಅಂಗೈ ಮೇಲೆ ಮಾಡಿ ಒಳಗೆ ಇಡುತ್ತಿದ್ದರು. ಇಲಿ ಮೂಸಿ, ಯೋಚಿಸಿ, ತಾನೇ ಕೈ ಮೇಲೆ ಹತ್ತುತ್ತಿತ್ತು. ಇಪ್ಪತ್ತನಾಲ್ಕು ಇಲಿಗಳಿಗೆ ಹೀಗೆ ಮಾಡಿದರೆ ಎಷ್ಟು ಹೊತ್ತು ಬೇಕು ಎಂದು ಒಮ್ಮೆ ಗಡಿಯಾರ ಹಿಡಿದು ನಿಂತೆ. ನಾನು ಬಾಲ ಹಿಡಿದು ಎತ್ತುವುದಕ್ಕಿಂತ ಆರೇ ನಿಮಿಷ ಹೆಚ್ಚು. ಆಮೇಲೆ ನಾನು ಸುಮ್ಮನಾದೆ.

ಎಲ್ಲ ಬಿಳಿ ಇಲಿಗಳೂ ನನಗೆ ಒಂದೇ. ಅವರಿಗೆ ಹಾಗಲ್ಲ. ಒಂಟೆಯ ಫಾರ್ಮಿನಲ್ಲಿ ಕಲಿತದ್ದನ್ನು ಅವರು ಇಲ್ಲೂ ಬಳಸುತ್ತಿದ್ದರು. "ಪ್ರಾಣಿಯನ್ನು ಹಿಂದಿನಿಂದ ನೋಡ್ಬೇಕು, ಸಿಸ್ಟರ್. ಮುಖ ಎಲ್ಲದಕ್ಕೂ ಒಂದೇ. ನಡಿಗೆ ಮಾತ್ರ ಬೇರೆ ಬೇರೆ." ನಾನದನ್ನು ಅಜ್ಜಂದಿರ ಮಾತು ಎಂದು ತಳ್ಳಿಹಾಕುತ್ತಿದ್ದೆ. ಗುರುತಿಗೆ ನಮ್ಮಲ್ಲಿ ಪಂಜರದ ಕಾರ್ಡು ಇತ್ತು. ಬಾಲದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹಾಕಿದ ಗೆರೆಗಳಿದ್ದವು.

ದಿನದ ರಿಜಿಸ್ಟರು ಬರೆಯುವುದು ಕಾಕನ ಕೆಲಸ. ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಮಾತ್ರ. ಅಂಕಿಗಳನ್ನು ತುಂಬಿ, ಕೊನೆಯ ಷರಾ ಕಾಲಮ್ಮಿನಲ್ಲಿ ಗುಂಡಗಿನ ಅಕ್ಷರಗಳಲ್ಲಿ ಒಂದೋ ಎರಡೋ ಸಾಲು ಬರೆಯುತ್ತಿದ್ದರು. 'ಎರಡನೇ ಸಾಲಿನ ನಾಲ್ಕನೆಯದ್ದು ಇವತ್ತು ನೀರು ಕಡಿಮೆ ಕುಡಿಯಿತು.' 'ಎಸಿ ಶಬ್ದ ಜೋರು, ಎಲ್ಲ ಹೆದರಿವೆ.' ವಾರಕ್ಕೊಮ್ಮೆ, ಗುರುವಾರ ಊಟದ ನಂತರ, ನಾನು ಅದನ್ನೆಲ್ಲ ಇಂಗ್ಲಿಷಿಗೆ ಮಾಡಿ ಪ್ರೊಫೆಸರ ಫೈಲಿಗೆ ಸೇರಿಸುತ್ತಿದ್ದೆ. ಆ ಕಟ್ಟಡದಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ಹಾಗಾಗಿ ಕಾಕ ಕಂಡದ್ದರಲ್ಲಿ ಪ್ರೊಫೆಸರಿಗೆ ಎಷ್ಟು ತಲುಪಬೇಕು ಎಂಬುದು ನನ್ನ ಕೈಯಲ್ಲಿತ್ತು. ಆಗ ನಾನು ಅದನ್ನು ಹಾಗೆ ಯೋಚಿಸಿರಲಿಲ್ಲ.

ಆರನೆಯ ವರ್ಷ ದೊಡ್ಡ ಪ್ರಯೋಗ ಶುರುವಾಯಿತು. ಸಕ್ಕರೆ ಕಾಯಿಲೆಯಲ್ಲಿ ಮಿದುಳಿನೊಳಗೆ ಒಂದು ಬಗೆಯ ಉರಿಯೂತ ಹತ್ತಿಕೊಳ್ಳುತ್ತದೆ. ಮಿದುಳಿನ ಕಾವಲಿಗೆಂದೇ ಇರುವ ಸಣ್ಣ ಜೀವಕೋಶಗಳು ಊದಿಕೊಂಡು, ಶತ್ರು ಇಲ್ಲದಿದ್ದರೂ ಕೆರಳಿ ನಿಲ್ಲುತ್ತವೆ. ನೆನಪು ಕೂಡಿಡುವ ಭಾಗಕ್ಕೆ ಅದರಿಂದ ಪೆಟ್ಟು. ದಿನವೂ ಓಡಿದರೆ ಆ ಉರಿ ತಗ್ಗುತ್ತದೆಯೇ ಎಂದು ನೋಡಬೇಕಿತ್ತು. ಇಲಿಗಳಲ್ಲಿ ನಾಲ್ಕು ಗುಂಪು, ರ‍್ಯಾಕಿನಲ್ಲಿ ನಾಲ್ಕು ಸಾಲು. ಮೇಲಿನ ಎರಡು ಸಾಲು ಆರೋಗ್ಯದವು. ಮೂರನೆಯದು ಸಕ್ಕರೆ ಕಾಯಿಲೆ ಇದ್ದು ಓಡುವವು, ನಾಲ್ಕನೆಯದು ಸಕ್ಕರೆ ಕಾಯಿಲೆ ಇದ್ದು ಕೂರುವವು. ಕೂರುವವನ್ನೂ ದಿನವೂ ಅಷ್ಟೇ ಹೊತ್ತು ಟ್ರೆಡ್‌ಮಿಲ್ಲಿನ ನಿಂತ ಬೆಲ್ಟಿನ ಮೇಲೆ ಬಿಡಬೇಕು, ವಾಸನೆ ಶಬ್ದ ಎಲ್ಲ ಸಮನಾಗಲೆಂದು. ಹನ್ನೆರಡು ವಾರ. ಕೊನೆಗೆ ಮಿದುಳು ತೆಗೆದು, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡುವುದು.

ಪ್ರೊಫೆಸರು ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದರು, ನಾನು ಕಾಕನಿಗೆ ಕನ್ನಡದಲ್ಲಿ ಹೇಳಿದೆ. ಅವರು ಊದಿದ ಕಾವಲುಕೋಶದ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದು ನನ್ನ ತಲೆಯಲ್ಲೂ ಉಂಟಾ, ಸಿಸ್ಟರ್?"

ಇಲಿಯದ್ದು ಗೊತ್ತಾಗಲಿ, ಆಮೇಲೆ ನಿಮ್ಮದು ನೋಡುವ ಎಂದೆ. ತಮಾಷೆ ಎಂದುಕೊಂಡು ಹೇಳಿದ್ದು. ಅವರು ನಗಲಿಲ್ಲ. ಆ ಹೊತ್ತಿಗೆ ಅವರ ಮರೆವು ಶುರುವಾಗಿತ್ತು. ತೂಕ ಮಾಡಿದ ಆಹಾರವನ್ನು ಒಂದು ದಿನ ಎರಡು ಸಲ ಹಾಕಿದ್ದರು. ಇನ್ನೊಂದು ದಿನ ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು, ಬಿಸಿಲಿನಲ್ಲಿ ಎತ್ತ ಹೋಗಬೇಕೆಂದು ತಿಳಿಯದೆ ನಿಂತಿದ್ದರು. ನಾನು ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಕೆಲಸ ಮುಗಿದಂತೆ ಒಂದೊಂದಕ್ಕೂ ಟಿಕ್ ಹಾಕಬೇಕು. "ತಲೆಯಲ್ಲಿ ನಿಲ್ಲದ್ದನ್ನು ಗೋಡೆಯಲ್ಲಿ ನಿಲ್ಲಿಸಿದ್ದೀರಿ," ಎಂದು ಅವರು ಪೆನ್ನು ತೆಗೆದುಕೊಂಡರು. ಆ ಪಟ್ಟಿಗಳನ್ನು ನಾನು ವಾರವಾರವೂ ಫೈಲು ಮಾಡುತ್ತಿದ್ದೆ.

ಹೀಗಾಗಿ ಪ್ರಯೋಗದ ಉತ್ತರ ಪ್ರೊಫೆಸರಿಗಿಂತ ಹೆಚ್ಚಾಗಿ ಕಾಕನಿಗೆ ಬೇಕಿತ್ತು. ಕಾಲಿನ ಗಾಯ ಒಣಗುವವರೆಗೆ ನಡೆಯಬಾರದೆಂದು ಕ್ಲಿನಿಕ್ಕಿನ ಡಾಕ್ಟರು ಹೇಳಿದ್ದರು. ಅದಕ್ಕೆ ಅವರು ತಮ್ಮದೇ ಉಪಾಯ ಮಾಡಿಕೊಂಡರು. ಬೆಳಿಗ್ಗೆ ಏಳಕ್ಕೆ ಟ್ರೆಡ್‌ಮಿಲ್ಲು ಚಾಲೂ ಮಾಡಿ, ಪಕ್ಕದ ಸ್ಟೂಲಿನಲ್ಲಿ ಕೂತು, ಎರಡು ಕೈಯಲ್ಲಿ ಎರಡು ಲೀಟರಿನ ನೀರಿನ ಬಾಟಲಿ ಹಿಡಿದು, ಇಲಿಗಳು ಓಡುವಷ್ಟು ಹೊತ್ತೂ ಎತ್ತುವುದು ಇಳಿಸುವುದು. ಬೆಲ್ಟು ನಿಂತಾಗ ಬಾಟಲಿಯೂ ನಿಲ್ಲಬೇಕು. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು.

"ಅವಕ್ಕೆ ಕಾಲುಂಟು, ನನಗೆ ಕೈ," ಎನ್ನುತ್ತಿದ್ದರು. "ಐದನೇ ಗುಂಪು ಅಂತ ಬರ್ಕೊಳ್ಳಿ."

ಬೆಲ್ಟಿನ ಹಿಂದುಗಡೆ ಸಣ್ಣಗೆ ಕರೆಂಟು ಹರಿಯುವ ತಂತಿಯ ಜಾಲರಿ ಇರುತ್ತದೆ, ಓಡದೆ ಹಿಂದೆ ಸರಿದ ಇಲಿಗೆ ಅದು ತಾಗುತ್ತದೆ. ಕಾಕ ಅದರ ಸ್ವಿಚ್ಚು ಮುಟ್ಟಲಿಲ್ಲ. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಹಿಂದಿನಿಂದ ಒಮ್ಮೆ ಸವರಿದರೆ ಸಾಕಿತ್ತು. ಎರಡನೆಯ ವಾರ ಮುಗಿಯುವಷ್ಟರಲ್ಲಿ ಅದೂ ಬೇಕಾಗಲಿಲ್ಲ. ಮೂರನೆಯ ಸಾಲಿನ ಆರೂ ಇಲಿಗಳು ತಾವೇ ಬೆಲ್ಟಿಗೆ ಇಳಿದು, ಮುಂದಕ್ಕೆ ಮುಖ ಮಾಡಿ, ಮೋಟಾರಿನ ಶಬ್ದಕ್ಕೆ ಕಾಯುತ್ತಿದ್ದವು.

ಏಳನೆಯ ವಾರದ ಕೊನೆಯ ದಿನ ಕಾಕ ಕಾಲಿಗೆ ಡ್ರೆಸ್ಸಿಂಗ್ ಮಾಡಿಸಲು ರಜೆ ಹಾಕಿದರು. ಅಂದು ಪಂಜರ ತೊಳೆಯುವ ದಿನ. ಮೇಲಿನ ಎರಡು ಸಾಲು ಅವರು ಹಿಂದಿನ ದಿನವೇ ಮುಗಿಸಿದ್ದರು, ಕೆಳಗಿನ ಎರಡನ್ನು ನಾನು ಮಾಡಿದೆ. ಕಾಕ ಒಂದು ಸಲಕ್ಕೆ ಒಂದೇ ಪಂಜರ ತೆಗೆಯುತ್ತಿದ್ದರು. ಇಲಿ ಹೊಸ ಪಂಜರಕ್ಕೆ, ಅದರ ಹಿಂದೆಯೇ ಕಾರ್ಡು ಅಲ್ಲಿಗೆ, ಆಮೇಲೆ ಮುಂದಿನದು. ಅದು ನಿಧಾನ, ಕಾರ್ಡಿನ ಚೌಕಟ್ಟೂ ಸರಿಯಾಗಿ ಸ್ವಚ್ಛವಾಗುವುದಿಲ್ಲ. ನಾನು ಎಲ್ಲ ಕಾರ್ಡು ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಕೊನೆಗೆ ಒಟ್ಟಿಗೆ ಹಾಕಿದೆ. ಬಾಲದ ಗೆರೆಗಳು ಮಾಸಿದ್ದವು. ಅವನ್ನೂ ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಿ, ಕಾರ್ಡು ನೋಡಿಕೊಂಡು ಹೊಸ ಗೆರೆ ಹಾಕಿದೆ. ಒಂದೂ ಸೊಟ್ಟಗಾಗಲಿಲ್ಲ. ಹನ್ನೊಂದಕ್ಕೆ ಮುಗಿಯಿತು, ಸಹಿ ಮಾಡಿದೆ.

ಮರುದಿನ ಏಳಕ್ಕೆ ಕಾಕ ಬೆಲ್ಟು ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿದರು. ಬಾಗಿಲಿಗೆ ಬಂದು ನನ್ನನ್ನು ಕರೆದರು.

"ಸಿಸ್ಟರ್, ಇವು ಓಡುವವಲ್ಲ."

ನಾನು ಬಂದು ನೋಡಿದೆ. ಆರೂ ಇಲಿಗಳು ಹಿಂದಿನ ಮೂಲೆಗೆ ಮುದುಡಿದ್ದವು. ಒಂದು ದಿನ ಓಡಿಸದಿದ್ದರೆ ಹೀಗಾಗುತ್ತದೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಕೆಳಗಿನ ಸಾಲಿನದೊಂದನ್ನು ತಂದು ನಿಂತ ಬೆಲ್ಟಿನ ಮೇಲೆ ಬಿಟ್ಟರು. ಅದು ಮುಂದಕ್ಕೆ ಮುಖ ಮಾಡಿ ನಿಂತಿತು.

"ಇದು ಕಾಯ್ತಾ ಉಂಟು, ನೋಡಿ."

"ಕಾರ್ಡು ನೋಡಿ, ಕಾಕ."

ಅವರು ಕಾರ್ಡು ನೋಡಿದರು. ಬಾಲದ ಗೆರೆ ನೋಡಿದರು. ಇಲಿಯನ್ನು ಹಿಂದಿನಿಂದ ನೋಡಿದರು. ಎರಡರಲ್ಲಿ ಯಾವುದನ್ನು ನಂಬಬೇಕೆಂಬ ಗಲಿಬಿಲಿ ಮುಖದಲ್ಲಿ ಸ್ಪಷ್ಟವಾಗಿತ್ತು. ನನಗೆ ಅದು ಕಾಯಿಲೆಯ ಗಲಿಬಿಲಿಯಾಗಿ ಕಂಡಿತು. ನಿನ್ನೆ ಏನು ಊಟ ಮಾಡಿದಿರಿ ಎಂದು ಕೇಳಿದೆ. ಅವರಿಗೆ ನೆನಪಾಗಲಿಲ್ಲ. ಇಲಿಯ ನಡಿಗೆ ಮಾತ್ರ ಹೇಗೆ ನೆನಪಿರುತ್ತದೆ ಎಂದೆ. ಕೆಟ್ಟ ಮಾತು. ಗಟ್ಟಿಯಾಗಿ ಹೇಳಲೂ ಇಲ್ಲ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಇಲಿಗಳು ಬ್ರಷ್ಷಿಗೆ ಓಡಲಿಲ್ಲ. ವೇಳಾಪಟ್ಟಿ ತಪ್ಪುತ್ತಿತ್ತು. ಕರೆಂಟು ಹಾಕಿ ಎಂದೆ. ಕಾಕ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತರು, ಹಾಕಲಿಲ್ಲ. ನಾನೇ ಹಾಕಿದೆ. ಏಳು ವಾರ ಕೂತಿದ್ದ ಪ್ರಾಣಿಗಳನ್ನು ಎಂಟನೆಯ ವಾರದ ವೇಗದಲ್ಲಿ ಓಡಿಸಿದೆವು. ಅವು ಬಿದ್ದವು, ಎದ್ದವು, ಕಿರುಚಿದವು. ಕಾಕ ಬಾಟಲಿ ಎತ್ತುತ್ತಲೇ ಇದ್ದರು, ಗೋಡೆಯ ಕಡೆ ತಿರುಗಿ ಕೂತು. ಓಡಲು ಕಲಿತಿದ್ದ ಆರು ಇಲಿಗಳು ಐದು ವಾರ, ದಿನವೂ ಅರ್ಧ ಗಂಟೆ, ನಿಂತ ಬೆಲ್ಟಿನ ಮೇಲೆ ಮುಂದೆ ನೋಡುತ್ತ ನಿಂತವು.

ಮಿದುಳು ತೆಗೆಯುವ ದಿನಗಳಲ್ಲಿ ಕಾಕ ಎಂದಿನಂತೆ ಹೊರಗಿನ ಕಾರಿಡಾರಿನಲ್ಲಿ ಕೂತರು. ಸಂಜೆ ಒಳಗೆ ಬಂದು ಖಾಲಿ ಪಂಜರಗಳನ್ನೆಲ್ಲ ತೊಳೆದಿಟ್ಟು ಹೋದರು. ಮರುದಿನ ಬೆಳಿಗ್ಗೆ ಖಾಲಿ ಪಂಜರ ಕಣ್ಣಿಗೆ ಬೀಳಬಾರದು ಎಂಬುದು ಅವರ ಪದ್ಧತಿ.

ಆಮೇಲೆ ಪ್ರತಿ ವಾರ ಕೇಳುತ್ತಿದ್ದರು. ಬಣ್ಣ ಹಾಕಿ ಆಯಿತಾ? ಪ್ರೊಫೆಸರು ನೋಡಿದರಾ? ಓಡಿದ್ದಕ್ಕೆ ಏನಾದರೂ ಆಗಿದೆಯಾ? ಎರಡು ತಿಂಗಳಾದ ಮೇಲೆ ಉತ್ತರ ಬಂತು. ಓಡಿದ ಗುಂಪಿನ ಮಿದುಳು ಕೂತ ಗುಂಪಿನದಕ್ಕಿಂತ ಏನೂ ಉತ್ತಮವಾಗಿರಲಿಲ್ಲ, ಓಡಿದವುಗಳಲ್ಲಿ ಎರಡು ಇಲಿಗಳಿಗೆ ಉರಿಯೂತ ಇನ್ನೂ ಹೆಚ್ಚೇ ಇತ್ತು. ನಾನು ಅದನ್ನು ಹಾಗೆಯೇ ಕಾಕನಿಗೆ ಹೇಳಿದೆ. ವಿಷಯವನ್ನು ಸುತ್ತಿ ಬಳಸಿ ಹೇಳುವುದು ನನಗೆ ಅಭ್ಯಾಸವಿಲ್ಲ.

"ಹಾಗಾದ್ರೆ ಓಡಿದ್ದು ಸುಮ್ಮನೆ," ಅಂದರು.

ಎರಡು ಬಾಟಲಿಗಳನ್ನೂ ತುಂಬಿದ್ದ ಹಾಗೆಯೇ ಶೆಲ್ಫಿನ ಮೇಲೆ ಇಟ್ಟರು. ಮತ್ತೆ ತೆಗೆಯಲಿಲ್ಲ.

ಅದಾದ ಮೂರು ವಾರಕ್ಕೆ ಪ್ರೊಫೆಸರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಕಾಲಿನ ಸ್ನಾಯುಗಳ ಪರೀಕ್ಷೆ ಬಂದಿತ್ತು. ಕೂತ ಗುಂಪಿನ ಸ್ನಾಯುಗಳಲ್ಲಿ ಓಟದ ಅಭ್ಯಾಸದ ಗುರುತು ಇತ್ತು. ನಡುವೆ ಎಲ್ಲೋ ಗುಂಪು ಅದಲುಬದಲಾಗಿದೆ, ಒಂದು ವರ್ಷದ ಕೆಲಸ ಹೋಯಿತು ಎಂದರು. ಅವರು ಕೂಗಾಡುವ ಮನುಷ್ಯರಲ್ಲ. ಪ್ರಾಣಿಗಳನ್ನು ದಿನವೂ ಮುಟ್ಟುವವರು ಯಾರೆಂದು ಕೇಳಿದರು, ಅಷ್ಟೇ. ನಾನು ಪ್ರಶ್ನೆಯನ್ನು ಕನ್ನಡಕ್ಕೆ ಮಾಡಿದೆ.

ಕಾಕ ತಮ್ಮ ನೀಲಿ ಚೀಲದ ಬೂಟನ್ನು ನೋಡಿದರು.

"ನಾನೇ ಇರ್ಬೇಕು, ಸಿಸ್ಟರ್. ಬೇರೆ ಯಾರು? ನನಗೆ ಈಗ ಎಂತದೂ ನಿಲ್ಲುದಿಲ್ಲ." ಆಮೇಲೆ ನನ್ನ ಕಡೆ ನೋಡಿದರು. "ಒಂದು ದಿನ ನಿಮ್ಮ ಹತ್ರ ಎಂತದೋ ಹೇಳಿದ ಹಾಗೆ ಉಂಟು. ಹೇಳಿದ್ದೇನಾ?"

ನಾನು ಇಲ್ಲ ಎಂದೆ.

ಸುಳ್ಳು ಹೇಳಲಿಲ್ಲ. ನನಗೆ ನೆನಪಿರಲಿಲ್ಲ. ಮುದುಕರೊಬ್ಬರು ಗಲಿಬಿಲಿಯಲ್ಲಿ ಆಡಿದ ಮಾತೆಂದು ಅಂದೇ ಬಿಟ್ಟುಬಿಟ್ಟಿದ್ದೆ. ಪ್ರೊಫೆಸರು ನನ್ನ ಅಭಿಪ್ರಾಯ ಕೇಳಿದರು. ಫೈಲು ಮಾಡಿಟ್ಟ ಟಿಕ್ ಪಟ್ಟಿಗಳನ್ನು ತಂದು ಮುಂದಿಟ್ಟೆ. ಎಲ್ಲೆಲ್ಲಿ ಟಿಕ್ ತಪ್ಪಿದೆಯೋ ಅಲ್ಲೆಲ್ಲ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ. ಪ್ರೊಫೆಸರು ಒಂದೊಂದೇ ಹಾಳೆ ತಿರುಗಿಸಿ, "ಖಲಾಸ್," ಎಂದು ಫೈಲು ಮುಚ್ಚಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಕಾಕನ ಕರಾರನ್ನು ನವೀಕರಿಸಲಿಲ್ಲ. ವೀಸಾ ರದ್ದಾಯಿತು. ಮಗಳು ಮತ್ತು ಅಳಿಯ ದುಬೈಯ ನೈಫ್‌ನಲ್ಲಿದ್ದರು. ಅಳಿಯ ವಿಸಿಟ್ ವೀಸಾ ಮಾಡಿಸಿ ಅಲ್ಲಿಗೆ ಕರೆದುಕೊಂಡು ಹೋದರು.

ಹೋಗುವ ದಿನ ಕಾಕ ಪ್ರಾಣಿಗೃಹದ ಬಾಗಿಲಲ್ಲಿ ನಿಂತು ನೀಲಿ ಚೀಲ ಬಿಚ್ಚಿ, ಮಡಿಸಿ, ಡಬ್ಬಕ್ಕೆ ಹಾಕಿದರು. ತಪ್ಪಾಯಿತು ಸಿಸ್ಟರ್, ಪ್ರೊಫೆಸರಿಗೆ ಹೇಳಿಬಿಡಿ ಎಂದರು. ನಾನು ಪರವಾಗಿಲ್ಲ ಎಂದೆ. ಹಾಗೆ ಹೇಳಿದ್ದು ನನಗೆ ಉದಾರವಾಗಿಯೇ ಕಂಡಿತ್ತು.

ಮರುವರ್ಷ ಪ್ರಯೋಗವನ್ನು ಮೊದಲಿನಿಂದ ಮಾಡಿದೆವು. ಇಲಿಗಳನ್ನು ನೋಡಿಕೊಳ್ಳಲು ಹೊಸದಾಗಿ ಬಂದವರಿಗೆ ಪಂಜರ ತೊಳೆಯುವುದನ್ನು, ಹಿಂದಿನ ವರ್ಷ ನಾನು ಮಾಡಿದ ಕ್ರಮದಲ್ಲೇ, ತೋರಿಸಿಕೊಟ್ಟೆ. ಇಲಿಗಳನ್ನು ಹೊಸ ಪಂಜರಗಳಿಗೆ ಹಾಕಿ, ಉದ್ದದ ಮೇಜಿನ ಮೇಲೆ ಎರಡು ಸಾಲು ಮಾಡಿದೆ. ಕಿಟಕಿಯ ಕಡೆ ಓಡುವವು, ಗೋಡೆಯ ಕಡೆ ಕೂರುವವು. ಕಾರ್ಡುಗಳನ್ನು ಎರಡು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಟ್ರಾಲಿಯ ಮೇಲೆ ಇಟ್ಟೆ. ಎಡಕ್ಕೆ ಓಡುವವು, ಬಲಕ್ಕೆ ಕೂರುವವು. ಎರಡು ಕಟ್ಟಿನ ಬಣ್ಣವೂ ಒಂದೇ ಗುಲಾಬಿ, ವ್ಯತ್ಯಾಸ ಮೂಲೆಯ ಒಂದು ಸಣ್ಣ ಅಕ್ಷರ. ಕೋಣೆ ಇಕ್ಕಟ್ಟು. ಹಳೆಯ ಪಂಜರಗಳನ್ನು ಹೊರಗೆ ಸಾಗಿಸಲು ಟ್ರಾಲಿಯನ್ನು ಕಾರಿಡಾರಿಗೆ ಎಳೆದು, ಮತ್ತೆ ಒಳಗೆ ತಳ್ಳಿದೆ. ಎಡಗೈ ತಾನಾಗಿ ಎಡದ ಕಟ್ಟಿನ ಕಡೆ ಹೋಯಿತು. ಅಲ್ಲೇ ನಿಂತಿತು.

ಟ್ರಾಲಿ ಹಿಂದುಮುಂದಾಗಿ ಬಂದಿತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ನಾನು ಸ್ಟೂಲಿನ ಮೇಲೆ ಕೂತೆ. ಹೊಸಬರು ನೀರು ಬೇಕಾ ಎಂದು ಕೇಳಿದರು. ಬೇಡವೆಂದು, ಮೊದಲು ಆ ಕೆಲಸವನ್ನು ಕಾಕನ ಪದ್ಧತಿಯಂತೆ, ಒಂದು ಸಲಕ್ಕೆ ಒಂದೇ ಪಂಜರದಂತೆ, ಮುಗಿಸಿದೆ. ಆಮೇಲೆ ಬೀರು ತೆರೆದು ಹಿಂದಿನ ವರ್ಷದ ರಿಜಿಸ್ಟರು ತೆಗೆದೆ. ಏಳನೆಯ ವಾರದ ತೊಳೆಯುವ ದಿನದ ಮುಂದೆ ನನ್ನದೇ ಸಹಿ. ಮರುದಿನದ ಷರಾ ಕಾಲಮ್ಮಿನಲ್ಲಿ ಗುಂಡಗಿನ ಕನ್ನಡ ಅಕ್ಷರ:

'ಮೂರನೇ ಸಾಲಿನಲ್ಲಿ ಈಗ ಇರುವುದು ಓಡುವ ಇಲಿ ಅಲ್ಲ. ಓಡುವವು ಕೆಳಗಿನ ಸಾಲಿನಲ್ಲಿ ಉಂಟು. ಸಿಸ್ಟರಿಗೆ ಹೇಳಿದೆ. ಕಾರ್ಡು ಸರಿ ಅಂದರು. ಕರೆಂಟು ಹಾಕಿದೆವು.'

ಹಾಕಿದವಳು ನಾನು. ಅವರು ಬರೆದದ್ದು 'ಹಾಕಿದೆವು' ಎಂದು.

ಪ್ರೊಫೆಸರ ಫೈಲಿನಲ್ಲಿ ಅದೇ ತಾರೀಕಿನ ಎದುರು ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು 'ವಿಶೇಷವೇನಿಲ್ಲ' ಎಂದು. ಆ ಗುರುವಾರ ಊಟದ ನಂತರ ಈ ಸಾಲನ್ನು ಓದಿಯೇ ಹಾಗೆ ಬರೆದಿರಬೇಕು. ಓದಿದ ನೆನಪು ನನಗೆ ಈಗಲೂ ಇಲ್ಲ.

ಪ್ರೊಫೆಸರಿಗೆ ಅಂದೇ ಹೋಗಿ ಹೇಳಿದೆ. ನಮ್ಮ ಕೆಲಸದಲ್ಲಿ, ಬಿಟ್ಟುಹೋದದ್ದನ್ನು ಆಮೇಲೆ ದಾಖಲಿಸುವುದಾದರೆ ಹಳೆಯದನ್ನು ಅಳಿಸುವಂತಿಲ್ಲ. ಕೆಳಗೆ ಬರೆದು, ತಡವಾದ ನಮೂದು ಎಂದು ಸೂಚಿಸಿ, ಬರೆದ ದಿನ ಹಾಕಿ, ಸಹಿ ಮಾಡಬೇಕು. ಹಾಗೆಯೇ ಮಾಡಿದೆ. ಕಾಕನ ಐದೂ ವಾಕ್ಯಗಳನ್ನು ಒಂದು ಪದವೂ ಬಿಡದೆ ಇಂಗ್ಲಿಷಿಗೆ ಮಾಡಿದೆ. ರಾಜೀನಾಮೆಯನ್ನೂ ಕೊಟ್ಟೆ. ಪ್ರಯೋಗ ಮುಗಿಯುವವರೆಗೆ ಇರಿ ಎಂದು ಅವರು ಅದನ್ನು ಡ್ರಾಯರಿನಲ್ಲಿ ಇಟ್ಟುಕೊಂಡರು. ಕಾಕನನ್ನು ಮತ್ತೆ ಕರೆಸಬಹುದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಆ ಜಾಗಕ್ಕೆ ಬೇರೆಯವರು ಬಂದಾಗಿದೆಯಲ್ಲ ಎಂದರು.

ಶನಿವಾರ ದುಬೈ ಬಸ್ಸು ಹತ್ತಿದೆ. ನೈಫ್‌ನ ಒಂದು ಗಲ್ಲಿಯಲ್ಲಿ ಅಳಿಯನ ವಾಚು ಬೆಲ್ಟಿನ ಅಂಗಡಿ, ಅದರ ಮೇಲೆಯೇ ಮನೆ. ಅಳಿಯ ಅಂಗಡಿಯಲ್ಲೇ ನನ್ನನ್ನು ತಡೆದು ಮೊದಲೇ ತಿಳಿಸಿದರು. ಗಾಯ ಮೇಲಕ್ಕೇರಿ ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. "ಮಾವನಿಗೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನ ಇರುದಿಲ್ಲ, ಸಿಸ್ಟರ್. ನಿಮ್ಮ ಗುರುತು ಸಿಕ್ಕಿದ್ರೆ ಅದೇ ದೊಡ್ಡದು."

ನಾನು ಮೆಟ್ಟಿಲು ಹತ್ತುತ್ತಿದ್ದಾಗ, ಬಾಗಿಲು ಕಾಣುವ ಮೊದಲೇ, ಒಳಗಿನಿಂದ ಕಾಕನ ದನಿ ಕೇಳಿತು. "ಸಿಸ್ಟರ್ ಬಂದ್ರು. ಏಳು ಗಂಟೆ ಆಯ್ತಾ?" ನನ್ನ ಹೆಜ್ಜೆಯ ಶಬ್ದದಿಂದಲೇ ಗುರುತು ಹಿಡಿದಿದ್ದರು.

ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅರ್ಧ ಆಗಿದ್ದರು. ಮಗಳು ಸಕ್ಕರೆ ಹಾಕದ ಚಹಾ ತಂದಿಟ್ಟು ಪಕ್ಕದಲ್ಲಿ ನಿಂತಳು. ನಾನು ತುಳುವಿನಲ್ಲಿ ಮಾತು ಶುರು ಮಾಡಿದೆ. ಟ್ರಾಲಿಯ ವಿಷಯ, ಕಾರ್ಡಿನ ಕಟ್ಟು, ಸ್ಪಿರಿಟ್ಟಿನಲ್ಲಿ ಒರೆಸಿದ ಬಾಲ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ತಪ್ಪು ನನ್ನದು, ನೀವು ಕಂಡದ್ದೇ ಸರಿ ಎಂದೆ. ಅವರು ಗಮನವಿಟ್ಟು ಕೇಳಿದರು, ಆಗಾಗ ತಲೆಯಾಡಿಸಿದರು. ಮುಗಿದ ಮೇಲೆ ಕನ್ನಡದಲ್ಲಿ ಉತ್ತರ ಕೊಟ್ಟರು. ನಾನಿದ್ದಲ್ಲಿ ಅವರಿಗೆ ಅದು ಪ್ರಾಣಿಗೃಹವೇ.

"ಇಲ್ಲ, ಸಿಸ್ಟರ್. ನಾನು ಮರೆತದ್ದು. ನೀವು ತಪ್ಪುದಿಲ್ಲ."

ರಿಜಿಸ್ಟರಿನ ಆ ಪುಟದ ಜೆರಾಕ್ಸ್ ತಂದಿದ್ದೆ. ಷರಾ ಕಾಲಮ್ಮನ್ನು ಬೆರಳಿಟ್ಟು ಓದಿ ತೋರಿಸಿದೆ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಅಕ್ಷರ ಚಂದ ಉಂಟು. ಯಾರದ್ದು?"

"ನಿಮ್ಮದೇ, ಕಾಕ."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಹೊಸಬರಿಗೆ ಕೆಲಸ ಕಲಿಸುವಷ್ಟು ಸಮಾಧಾನದಿಂದ ಹೇಳಿದರು.

"ಇದನ್ನೆಲ್ಲ ನಂಬಬಾರದು, ಸಿಸ್ಟರ್. ಕಾರ್ಡು ನೋಡಿ."

ಚಹಾ ತಣ್ಣಗಾಗಿತ್ತು. ಕುಡಿದು ಎದ್ದೆ. ಮಗಳು ಮೆಟ್ಟಿಲಿನವರೆಗೆ ಬಂದು, ಏನು ವಿಷಯ ಸಿಸ್ಟರ್, ಬಪ್ಪ ಏನಾದರೂ ದೊಡ್ಡ ತಪ್ಪು ಮಾಡಿದ್ದರಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಒಂದೂ ಮಾಡಿಲ್ಲ, ತಪ್ಪು ನನ್ನದು ಎಂದು ಮತ್ತೆ ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು ಜೆರಾಕ್ಸ್ ಹಾಳೆಯನ್ನು ಕೇಳಿ ಇಸಿದುಕೊಂಡು ಬಾಗಿಲು ಹಾಕಿದಳು.

ಐದು ವಾರದ ನಂತರ ಅಳಿಯನ ಫೋನು ಬಂತು. ಸೋಂಕು ರಕ್ತಕ್ಕೆ ಹೋಗಿತ್ತು. ದುಬೈಯಲ್ಲೇ ಮಣ್ಣು ಮಾಡಿದರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಅದೂ ಮುಗಿದಿತ್ತು.

ಎರಡನೆಯ ಸಲದ ಪ್ರಯೋಗದಲ್ಲಿ ಕರೆಂಟು ಹಾಕಲಿಲ್ಲ, ಬ್ರಷ್ಷಿನಲ್ಲೇ ಓಡಿಸಿದೆವು. ಸ್ಲೈಡುಗಳು ಬಂದಾಗ ಪ್ರೊಫೆಸರು ನನ್ನನ್ನು ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಕೂತ ಇಲಿಗಳ ಮಿದುಳಿನಲ್ಲಿ ಕಾವಲುಕೋಶಗಳು ಊದಿ ಕಪ್ಪಗಾಗಿದ್ದವು. ಓಡಿದವುಗಳಲ್ಲಿ ಅವು ಸಣ್ಣಗೆ, ತೆಳುವಾಗಿ, ಶಾಂತವಾಗಿದ್ದವು. ಇದು ಇಲಿಗಳ ಮಾತು, ಮನುಷ್ಯರಿಗೆ ಇಷ್ಟರಿಂದಲೇ ಹೇಳಲಾಗದು ಎಂದು ಪ್ರೊಫೆಸರು ಎಚ್ಚರಿಸಿದರು. ನಾನು ಹೌದೆಂದೆ. ಓಡಿದ್ದಕ್ಕೆ ಏನಾದರೂ ಆಗಿದೆಯಾ ಎಂದು ಪ್ರತಿ ವಾರ ಕೇಳುತ್ತಿದ್ದವರು ಇರಲಿಲ್ಲ. ಪ್ರಾಣಿಗೃಹಕ್ಕೆ ಹೋಗಿ ಶೆಲ್ಫಿನ ಮೇಲಿದ್ದ ಎರಡು ಬಾಟಲಿಗಳನ್ನು ಇಳಿಸಿ, ನೀರು ಚೆಲ್ಲಿ, ತೊಳೆದು, ಕವಿಚಿ ಇಟ್ಟೆ. ಪ್ರೊಫೆಸರು ಡ್ರಾಯರಿನಿಂದ ನನ್ನ ರಾಜೀನಾಮೆ ತೆಗೆದು ಸಹಿ ಹಾಕಿಕೊಟ್ಟರು.

ಈಗಲೂ ನಾಲ್ಕೂವರೆಗೆ ಏಳುತ್ತೇನೆ, ಚಾದರದ ಮೂಲೆ ಮಡಿಸುತ್ತೇನೆ. ಕಾಕನಿಗೆ ಇಪ್ಪತ್ತು ವರ್ಷ ಒಂಟೆಗಳು ಕಲಿಸಿದ ಒಂದು ವಿದ್ಯೆ ಇತ್ತು. ಉಳಿದದ್ದೆಲ್ಲ ಅಳಿದುಹೋಗುತ್ತಿದ್ದಾಗಲೂ ಅದು ಅವರಲ್ಲಿ ನೆಟ್ಟಗೆ ನಿಂತಿತ್ತು. ಅದನ್ನು ನಂಬಬಾರದೆಂದು ಅವರಿಗೆ ಕಲಿಸಿದವಳು ನಾನು. ಅವರು ಕೊನೆಯವರೆಗೂ ಮರೆಯದೆ ಉಳಿಸಿಕೊಂಡದ್ದು ಆ ಪಾಠವನ್ನು.